ವಿಧಾನಸೌಧದ ನಿರ್ಮಾಪಕ ಕೆಂಗಲ್ ಹನುಮಂತಯ್ಯನವರು

ಬೆಂಗಳೂರಿಗೆ ಹೋಗಿಬಂದ ನಮ್ಮ ಸಲಗರೆಯ ಬಂಧುಗಳು ಮೊದಲು ವರ್ಣಿಸುವುದು ವಿಧಾನಸೌಧವನ್ನು. ಆದರೆ ಆ ಭವ್ಯ ಮಂದಿರಕ್ಕಾಗಿ ಒಬ್ಬ ಮಹನೀಯರು ಸಹಿಸಿದ ನಿಂದೆಯೆಷ್ಟೆಂಬುದನ್ನು ಬಲ್ಲವರು ವಿರಳ.

ಹನುಮಂತಯ್ಯನವರು 1908ರ ಫೆಬ್ರವರಿ 14ರಂದು ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯ ಒಕ್ಕಲು ಮನೆತನದಲ್ಲಿ ಜನಿಸಿದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪದವಿ ಪಡೆದು, ನ್ಯಾಯಶಾಸ್ತ್ರದ ವ್ಯಾಸಂಗಕ್ಕಾಗಿ ಪುಣೆಗೆ ಬಂದರು. ವಕೀಲಿಯನ್ನು ಕೈಗೊಂಡರೂ ಸ್ವಾತಂತ್ರ್ಯ ಸಂಗ್ರಾಮವು ಅವರನ್ನು ಸೆರೆಮನೆಗೆ ಒಯ್ದಿತು. ಮುಂದೆ ಸಂವಿಧಾನ ಸಭೆಯ ಸದಸ್ಯರಾಗಿ, 1952ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು.

ಶಾಸನಸಭೆಯ ಕಟ್ಟಡಕ್ಕೆ 1951ರ ಜುಲೈ 13ರಂದೇ ಪಂಡಿತ ನೆಹರೂ ಅವರು ಅಡಿಗಲ್ಲನ್ನಿಟ್ಟಿದ್ದರು. ಆಗ ಯೋಜಿಸಿದ್ದುದು ಸರಳವಾದ ಕಟ್ಟಡ. ಅಲಂಕಾರವನ್ನು ತೊರೆದು ಸಿಮೆಂಟು, ಗಾಜುಗಳಿಂದ ಕಟ್ಟುವುದೇ ಆಧುನಿಕತೆಯೆಂದು ವಾಸ್ತುತಜ್ಞರು ಬಗೆದಿದ್ದ ಕಾಲವದು. ಅದೇ ದಶಕದಲ್ಲಿ ಚಂಡೀಗಢವು ಕಾರ್ಬುಸಿಯೇ ಎಂಬ ವಾಸ್ತುಶಿಲ್ಪಿಯ ಕೈಯಲ್ಲಿ ನಿರಾಭರಣವಾಗಿ ಮೇಲೇಳುತ್ತಿತ್ತು. ಹನುಮಂತಯ್ಯನವರು ಬೇರೆ ಮಾರ್ಗ ಹಿಡಿದರು. ನಗರವನ್ನು ನೋಡಬಂದ ರಷ್ಯದ ಅತಿಥಿಗಳು, ಇಲ್ಲಿರುವುದೆಲ್ಲ ಐರೋಪ್ಯ ರೀತಿಯ ಕಟ್ಟಡಗಳು, ನಿಮ್ಮದೆಂಬ ವಾಸ್ತುವಿಲ್ಲವೇ ಎಂದು ಕೇಳಿದ್ದು ಅವರ ಮನಸ್ಸನ್ನು ಚುಚ್ಚಿತೆಂದು ಪ್ರತೀತಿ. ಇಂಜಿನಿಯರ್ ಬಿ. ಆರ್. ಮಾಣಿಕ್ಯಂ ಅವರಿಂದ ನಕ್ಷೆಯನ್ನು ಬದಲಿಸಿ ಬರೆಯಿಸಿದರು. 1860ರ ದಶಕದ ಕೆಂಪು ಅಠಾರಾ ಕಚೇರಿಯ ಎದುರಿಗೆ, ದ್ರಾವಿಡ ಶೈಲಿಯ ಗೋಪುರ, ಕಂಬ, ಕಮಾನುಗಳ ಸೌಧವೆದ್ದಿತು. ಸುಮಾರು 5,000 ಕೆಲಸಗಾರರು ದುಡಿದರು. ಅವರಲ್ಲಿ ಕೈದಿಗಳೂ ಇದ್ದರು. ಮುಂಭಾಗದ 12 ಕಲ್ಲುಕಂಬಗಳ ಎತ್ತರ ತಲಾ 40 ಅಡಿ.

ವೆಚ್ಚವು 1.75 ಕೋಟಿ ರೂಪಾಯಿಗಳನ್ನು ಮೀರಿತು. ಬಡ ನಾಡಿಗೆ ಈ ವೈಭವವೇಕೆಂಬ ಕೂಗೆದ್ದಿತು. ವಿಚಾರಣಾ ಸಮಿತಿಯೂ ನೇಮಕವಾಯಿತು. ಆ ಪ್ರಶ್ನೆಯನ್ನು ಹಗುರವೆನ್ನಲಾಗದು. ಶಾಲೆಗೂ ಬಾವಿಗೂ ಹಣವಿಲ್ಲದ ಹಳ್ಳಿಗಳು ಅಂದು ಅನೇಕವಿದ್ದವು.

ಇದೇ ಹೊತ್ತಿನಲ್ಲಿ ಕರ್ನಾಟಕ ಏಕೀಕರಣದ ಪ್ರಶ್ನೆಯೂ ಬಂದಿತು. ಏಕೀಕರಣವಾದರೆ ತಮ್ಮ ಪ್ರಾಬಲ್ಯ ಕುಗ್ಗೀತೆಂದು ಹಳೆಯ ಮೈಸೂರಿನ ಅನೇಕರು ಅಂಜಿದರು. ತಮ್ಮವರ ವಿರೋಧವನ್ನು ಲೆಕ್ಕಿಸದೆ ಹನುಮಂತಯ್ಯನವರು ಏಕೀಕರಣದ ಪಕ್ಷ ವಹಿಸಿದರು. ಸ್ವಪಕ್ಷದ ಬೆಂಬಲ ಕಳೆದುಕೊಂಡು 1956ರ ಆಗಸ್ಟಿನಲ್ಲಿ ಪದತ್ಯಾಗ ಮಾಡಬೇಕಾಯಿತು. ಆ ವರ್ಷವೇ ಸೌಧ ಪೂರ್ಣವಾಯಿತು. ನವೆಂಬರ್ 1ರಂದು ವಿಶಾಲ ಮೈಸೂರು ಉದಯಿಸಿತು. ಎರಡಕ್ಕೂ ದುಡಿದವರು ಅಂದು ಅಧಿಕಾರದಲ್ಲಿರಲಿಲ್ಲ.

ಮುಂದೆ ಅವರು ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾಗಿ, ಕೇಂದ್ರದ ರೈಲ್ವೆ ಸಚಿವರಾಗಿ ಸೇವೆ ಸಲ್ಲಿಸಿ, 1980ರ ಡಿಸೆಂಬರ್ 1ರಂದು ಕೀರ್ತಿಶೇಷರಾದರು.

ಆ ಏಕೀಕರಣದ ಗೆರೆ ನಮ್ಮೂರನ್ನು ಹೊರಗೇ ಉಳಿಸಿತು. ಆದರೂ ಅವರನ್ನು ನಾವು ಪರಕೀಯರೆಂದು ಎಣಿಸಲಾರೆವು. 2012ರಲ್ಲಿ ನಮಗೆ ಸಮೀಪದ ಬೆಳಗಾವಿಯಲ್ಲಿ ಉದ್ಘಾಟನೆಗೊಂಡ ಸುವರ್ಣ ವಿಧಾನಸೌಧವೂ ಅವರ ಸೌಧದ ಪಡಿಯಚ್ಚನ್ನೇ ನೆನಪಿಗೆ ತರುತ್ತದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ತಂದೆತಾಯಿಗಳು ಗೋಪುರವನ್ನು ತೋರಿಸಿದರಷ್ಟೇ ಸಾಲದು; ನಾಡು ಒಂದಾಗಲೆಂದು ತಮ್ಮ ಪೀಠವನ್ನೇ ಪಣವಾಗಿಟ್ಟವರ ಹೆಸರನ್ನೂ ಹೇಳಬೇಕು.