ನೇಗಿಲು ಮಾಡಿದ ಡ್ರಾಯಿಂಗ್ ಮೇಷ್ಟ್ರು

ಪುಣೆ, ಮುಂಬಯಿಯಲ್ಲಿರುವ ನಮಗೆ ಕಿರ್ಲೋಸ್ಕರ್ ಎಂದರೆ ನೀರಿನ ಪಂಪು, ಡೀಸೆಲ್ ಎಂಜಿನ್. ಆ ಹೆಸರಿನ ಹಿಂದೆ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಒಬ್ಬ ಹುಡುಗನಿದ್ದಾನೆ. ಮರಾಠಿ ಮನೆಮಾತಿನ ಈ ಲಕ್ಷ್ಮಣರಾಯರ ಬದುಕು ಎಂ.ಟೆಕ್ ಓದಿ ಸಾಫ್ಟ್‌ವೇರ್ ಕೆಲಸ ಮಾಡುವ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಅದಕ್ಕೇ ಸ್ನೇಹಿತೆಯರೇ, ಅವರ ಕಥೆಯನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಲಕ್ಷ್ಮಣರಾಯರಿಗೆ ಶಾಲೆಯ ಪಾಠ ಅಷ್ಟಾಗಿ ರುಚಿಸಲಿಲ್ಲ. ಚಿತ್ರ ಮತ್ತು ಯಂತ್ರ, ಇವೆರಡೇ ಅವರ ಆಸೆ. ಮುಂಬಯಿಯ ಜೆ.ಜೆ. ಕಲಾಶಾಲೆಗೆ ಸೇರಿದರು. ಅಲ್ಲಿ ಅವರಿಗೆ ಬಣ್ಣಗುರುಡು ಇರುವುದು ಗೊತ್ತಾಯಿತು. ಚಿತ್ರಕಲೆ ಕೈಬಿಟ್ಟಿತು, ಯಂತ್ರಗಳ ಡ್ರಾಯಿಂಗ್ ಉಳಿಯಿತು. ಅದನ್ನೇ ಕಲಿತು, ಇಂದು ಮಾಟುಂಗಾದಲ್ಲಿರುವ ವಿ.ಜೆ.ಟಿ.ಐ.ನಲ್ಲಿ ಮೇಷ್ಟ್ರಾದರು. ಪಾಠ ಹೇಳುತ್ತಲೇ ಅಲ್ಲಿನ ಯಂತ್ರಗಳ ಮೇಲೆ ಕೈ ಪಳಗಿಸಿಕೊಂಡರು. ಮುಂಬಯಿಯಲ್ಲಿ ಸೈಕಲ್ ಕೊಂಡು ಬೆಳಗಾವಿಯಲ್ಲಿದ್ದ ಅಣ್ಣ ರಾಮಣ್ಣನಿಗೆ ಕಳಿಸುತ್ತಿದ್ದರು. ಅಣ್ಣ ಅದನ್ನು ಮಾರಿ, ಕೊಂಡವರಿಗೆ ಹೊಡೆಯಲೂ ಕಲಿಸುತ್ತಿದ್ದರು.

ತಮಗೆ ಸಿಗಬೇಕಿದ್ದ ಬಡ್ತಿ ಬೇರೆಯವರ ಪಾಲಾದಾಗ ಕೆಲಸ ಬಿಟ್ಟು ಬೆಳಗಾವಿಗೆ ಬಂದರು. ಮೊದಲು ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು. ಮರದ ನೇಗಿಲು ಮಣ್ಣನ್ನು ಗೀರಿಕೊಂಡು ಹೋದರೆ, ಕಬ್ಬಿಣದ್ದು ಆಳಕ್ಕಿಳಿದು ಹೆಂಟೆಯನ್ನು ಮಗುಚಿ ಹಾಕುತ್ತಿತ್ತು. ಆದರೂ ರೈತರು ಹತ್ತಿರ ಬರಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬ ಭಯ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತಂತೆ. ಎರಡು ವಾರದಲ್ಲಿ ಫಲ ಕಾಣದಿದ್ದರೆ ಯೋಜನೆಯನ್ನೇ ಮುಚ್ಚುವ ಕಡೆ ಕೆಲಸ ಮಾಡುವ ನನಗೆ ಆ ತಾಳ್ಮೆ ದೊಡ್ಡದಾಗಿ ಕಾಣುತ್ತದೆ.

ಅಷ್ಟರಲ್ಲಿ ಊರು ಬೆಳೆಯಿತು, ಕಾರ್ಖಾನೆಯ ಜಾಗ ಖಾಲಿ ಮಾಡಬೇಕಾಯಿತು. ಆಗ ಕೈಹಿಡಿದವರು ಔಂಧ್ ಸಂಸ್ಥಾನದ ಬಾಳಾಸಾಹೇಬ ಪಂತ ಪ್ರತಿನಿಧಿಗಳು. ಅವರು ಕೊಟ್ಟ, ಪಾಪಾಸುಕಳ್ಳಿ ಬೆಳೆದ ಬರಡು ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಇಂದಿನ ಸಾಂಗ್ಲಿ ಜಿಲ್ಲೆಯ ಊರು ಅದು.

ಅಲ್ಲಿ ಅವರು ಕಟ್ಟಿದ ತಂಡ ನನಗೆ ಬಹಳ ಇಷ್ಟ. ಯಂತ್ರಗಳ ವಿಷಯದಲ್ಲಿ ಹೊಸ ಹೊಸ ಉಪಾಯ ಹೊಳೆಯಿಸುತ್ತಿದ್ದ ಅನಂತರಾವ್ ಫಳಣೀಕರರು ಶಾಲೆಯನ್ನು ಅರ್ಧಕ್ಕೇ ಬಿಟ್ಟವರು. ಕಾವಲಿಗೆ ನಿಂತವರಲ್ಲಿ ದರೋಡೆಗಾಗಿ ಶಿಕ್ಷೆಯಾದವರೂ ಇದ್ದರು. ಊರಿನಲ್ಲಿ ಅಸ್ಪೃಶ್ಯತೆಗೆ ಜಾಗವಿರಲಿಲ್ಲ. ಯಾವ ಮನೆತನ, ಯಾವ ಪದವಿ ಎಂದು ಕೇಳುವ ಕಾಲದಲ್ಲಿ ಲಕ್ಷ್ಮಣರಾಯರು ಕೈಯಲ್ಲಿ ಯಾವ ಕೆಲಸವಿದೆ ಎಂದು ನೋಡಿದರು.

1956ರಲ್ಲಿ ಅವರು ತೀರಿಕೊಂಡರು. ಅವರು ಕೊಟ್ಟ ಗೌರವವನ್ನು ನಾವು ಇಂದು ಕೈಕೆಲಸದವರಿಗೆ ಕೊಡುತ್ತಿದ್ದೇವೆಯೇ? ನನ್ನ ಕಚೇರಿಯಲ್ಲಿ ಪದವಿಯ ಹೆಸರು ನೋಡಿಯೇ ಎಷ್ಟೋ ಅರ್ಜಿಗಳು ಬದಿಗೆ ಸರಿಯುತ್ತವೆ. ಫ್ಯೂಸ್ ಹೋದಾಗ, ನಲ್ಲಿ ಸೋರಿದಾಗ ನಾವು ಕಾತರದಿಂದ ಕಾಯುವ ಮನುಷ್ಯನ ಹೆಸರು ಫೋನಿನಲ್ಲಿ ‘ಪ್ಲಂಬರ್ 2’ ಎಂದಿರುತ್ತದೆ. ನಾಳೆ ನಮ್ಮ ಮಗಳು ಐಟಿಐಗೆ ಸೇರಿ ಫಿಟ್ಟರ್ ಆಗುತ್ತೇನೆ, ಲೇತ್ ನಡೆಸುತ್ತೇನೆ ಎಂದರೆ, ಅಮ್ಮಂದಿರಾದ ನಾವು ಏನು ಹೇಳುತ್ತೇವೆ? ಅವಳ ಕೈಗೆ ಮಸಿ ಹತ್ತುತ್ತದೆ ಎಂದು ತಡೆಯುವ ಮೊದಲು, ಆ ಕೈಗೆ ಏನು ಮಾಡಲು ಬರುತ್ತದೆ ಎಂದು ಒಮ್ಮೆ ನೋಡೋಣ.