ಕೆ. ಶೇಷಾದ್ರಿ ಅಯ್ಯರ್

ಸರ್ ಕುಮಾರಪುರಂ ಶೇಷಾದ್ರಿ ಅಯ್ಯರ್ (1 ಜೂನ್ 1845 – 13 ಸೆಪ್ಟೆಂಬರ್ 1901) ಮೈಸೂರು ಸಂಸ್ಥಾನದ ದಿವಾನರಾಗಿದ್ದ ಆಡಳಿತಗಾರರು ಹಾಗೂ ರಾಜಕಾರಣಿ. ಬ್ರಿಟಿಷ್ ಆಳ್ವಿಕೆಗೆ ಒಳಪಟ್ಟಿದ್ದ ಮಲಬಾರ್ ಜಿಲ್ಲೆಯಲ್ಲಿ ಜನಿಸಿದ ಇವರು 1868ರಲ್ಲಿ ಮೈಸೂರಿಗೆ ವಲಸೆ ಬಂದು ಕಚೇರಿಯ ನೌಕರಿಯಿಂದ ವೃತ್ತಿಜೀವನವನ್ನು ಆರಂಭಿಸಿದರು. ಹದಿನೈದು ವರ್ಷಗಳಲ್ಲಿ ಸಂಸ್ಥಾನದ ಅತ್ಯುನ್ನತ ಹುದ್ದೆಗೇರಿ, 1883ರಿಂದ 1901ರವರೆಗೆ ದಿವಾನಗಿರಿಯನ್ನು ನಿರ್ವಹಿಸಿದರು. 1881ರಲ್ಲಿ ಒಡೆಯರ್ ವಂಶಕ್ಕೆ ರಾಜ್ಯ ಮರಳಿದ ನಂತರ ಇಷ್ಟು ದೀರ್ಘಕಾಲ ಈ ಹುದ್ದೆಯಲ್ಲಿದ್ದವರು ಬೇರೆ ಯಾರೂ ಇಲ್ಲ. ಶಿವನಸಮುದ್ರದ ಜಲವಿದ್ಯುತ್ ಯೋಜನೆ, ಮಾರಿಕಣಿವೆ ಅಣೆಕಟ್ಟು, ಬೆಂಗಳೂರಿನ ಹೆಸರಘಟ್ಟ ನೀರು ಸರಬರಾಜು, ರೈಲು ಮಾರ್ಗಗಳ ವಿಸ್ತರಣೆ ಹಾಗೂ ಪ್ರಜಾಪ್ರತಿನಿಧಿ ಸಭೆಗೆ ಚುನಾವಣೆಯ ಪದ್ಧತಿ ಇವರ ಕಾಲದ ಮುಖ್ಯ ಸಾಧನೆಗಳು. ಹೊರಗಿನಿಂದ ಬಂದವರಿಗೆ ಉನ್ನತ ಹುದ್ದೆಗಳು ಸಲ್ಲುತ್ತಿವೆ ಎಂಬ ಮೈಸೂರಿಗರ ಅಸಮಾಧಾನ ತೀವ್ರವಾದದ್ದೂ ಇವರ ಕಾಲದಲ್ಲಿಯೇ.

ಜನನ ಮತ್ತು ವಿದ್ಯಾಭ್ಯಾಸ

ಶೇಷಾದ್ರಿ ಅಯ್ಯರ್ ಪಾಲಕ್ಕಾಡಿನ ಸಮೀಪದ ಕುಮಾರಪುರಂ ಗ್ರಾಮದ ತಮಿಳು ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಪಾಲಕ್ಕಾಡು ಆಗ ಮದರಾಸು ಪ್ರಾಂತ್ಯದ ಮಲಬಾರ್ ಜಿಲ್ಲೆಗೆ ಸೇರಿತ್ತು. ಇಂದು ಕೇರಳ ರಾಜ್ಯದಲ್ಲಿದೆ. ತಂದೆ ಅನಂತನಾರಾಯಣ ಅಯ್ಯರ್ ಕಲ್ಲಿಕೋಟೆಯಲ್ಲಿ ವಕೀಲರಾಗಿದ್ದರು. ಶೇಷಾದ್ರಿ ಅಯ್ಯರ್ ಕಲ್ಲಿಕೋಟೆಯಲ್ಲಿ ಓದಿ, ಅನಂತರ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದರು. ಮುಂದೆ ಮೈಸೂರಿನ ಸೇವೆಯಲ್ಲಿದ್ದಾಗಲೇ ಕಾನೂನು ಪದವಿಯನ್ನೂ ಗಳಿಸಿದರು.

ಮೈಸೂರಿಗೆ ಆಗಮನ

1831ರಿಂದ ಮೈಸೂರು ಬ್ರಿಟಿಷ್ ಕಮಿಷನರರ ನೇರ ಆಡಳಿತದಲ್ಲಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು 1868ರಲ್ಲಿ ನಿಧನರಾದಾಗ ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರು ಇನ್ನೂ ಬಾಲಕರು. ರಾಜ್ಯವನ್ನು ಮುಂದೆ ಭಾರತೀಯರ ಕೈಗೆ ಒಪ್ಪಿಸಬೇಕಾಗಿದ್ದುದರಿಂದ ಇಂಗ್ಲಿಷ್ ಕಲಿತ, ಕಾನೂನು ಮತ್ತು ಕಂದಾಯದ ವಿಷಯಗಳನ್ನು ಬಲ್ಲ ಅಧಿಕಾರಿಗಳು ಬೇಕಾಗಿದ್ದರು. ಅಂತಹ ಶಿಕ್ಷಣ ಪಡೆದವರು ಆಗ ಮೈಸೂರಿನಲ್ಲಿ ವಿರಳ; ವಿಶ್ವವಿದ್ಯಾಲಯವಿದ್ದ ಮದರಾಸಿನಲ್ಲಿ ಹೆಚ್ಚು. ಹೀಗಾಗಿ ಮದರಾಸು ಪ್ರಾಂತ್ಯದ ಪದವೀಧರರು ಮೈಸೂರಿನ ಕಚೇರಿಗಳಿಗೆ ಬರತೊಡಗಿದರು. ಚೆಂಗಲ್ಪಟ್ಟು ಜಿಲ್ಲೆಯವರಾದ ಸಿ. ರಂಗಾಚಾರ್ಲು ಇವರಲ್ಲಿ ಪ್ರಮುಖರು. ಅವರ ಪ್ರೋತ್ಸಾಹದಿಂದ ಶೇಷಾದ್ರಿ ಅಯ್ಯರ್ 1868ರಲ್ಲಿ ಅಷ್ಟಗ್ರಾಮ ವಿಭಾಗದ ನ್ಯಾಯಾಡಳಿತದ ಕಚೇರಿಯನ್ನು ಸೇರಿದರು.

ಮುಂದಿನ ಹದಿಮೂರು ವರ್ಷಗಳ ಕಾಲ ಇವರು ನ್ಯಾಯ ಮತ್ತು ಕಂದಾಯ ಇಲಾಖೆಗಳ ವಿವಿಧ ಹುದ್ದೆಗಳಲ್ಲಿ ದುಡಿದರು. 1876ರಿಂದ 1878ರವರೆಗಿನ ಭೀಕರ ಕ್ಷಾಮದಲ್ಲಿ ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗ ನಾಶವಾಯಿತು. ಕೆರೆಗಳನ್ನೇ ನಂಬಿದ್ದ ಕೋಲಾರ, ತುಮಕೂರು, ಚಿತ್ರದುರ್ಗದ ಬಯಲು ಸೀಮೆಗಳು ಅತಿಹೆಚ್ಚು ನೊಂದವು. ಕ್ಷಾಮ ಮುಗಿದ ಬೆನ್ನಿಗೇ, 1879ರಲ್ಲಿ, ಶೇಷಾದ್ರಿ ಅಯ್ಯರ್ ತುಮಕೂರು ಜಿಲ್ಲೆಯ ಡೆಪ್ಯುಟಿ ಕಮಿಷನರರಾದರು. ದಿವಾನರಾದ ಮೇಲೆ ರೈಲು ಮತ್ತು ನೀರಾವರಿಗೆ ಇವರು ನೀಡಿದ ಪ್ರಾಶಸ್ತ್ಯಕ್ಕೆ ಈ ಕ್ಷಾಮದ ಅನುಭವವೇ ಹಿನ್ನೆಲೆ.

ದಿವಾನ ಪದವಿ

1881ರ ಮಾರ್ಚ್ 25ರಂದು ಬ್ರಿಟಿಷರು ರಾಜ್ಯವನ್ನು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಹಿಂತಿರುಗಿಸಿದರು. ರಂಗಾಚಾರ್ಲು ದಿವಾನರಾದರು. ಕ್ಷಾಮದ ಸಾಲದ ಹೊರೆ ಹೊಸ ಸರ್ಕಾರದ ಮೇಲಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಆದರೆ 1883ರ ಜನವರಿಯಲ್ಲಿ ಅವರು ತೀರಿಕೊಂಡರು. ಅವರ ಸಹಾಯಕರಾಗಿ ವಿಶೇಷ ಕರ್ತವ್ಯದಲ್ಲಿದ್ದ ಶೇಷಾದ್ರಿ ಅಯ್ಯರ್ ಫೆಬ್ರುವರಿಯಲ್ಲಿ ದಿವಾನರಾಗಿ ನೇಮಕಗೊಂಡರು. ಆಗ ಅವರ ವಯಸ್ಸು 37.

ದಿವಾನರು ಜನರಿಂದ ಚುನಾಯಿತರಾದವರಲ್ಲ. ಮಹಾರಾಜರ ವಿಶ್ವಾಸ ಮತ್ತು ಬ್ರಿಟಿಷ್ ಸರ್ಕಾರದ ಸಮ್ಮತಿ, ಈ ಎರಡೂ ಇದ್ದರೆ ಮಾತ್ರ ಅವರು ಹುದ್ದೆಯಲ್ಲಿ ಉಳಿಯಬಹುದಾಗಿತ್ತು. ಆದರೂ ಪ್ರತಿವರ್ಷ ದಸರಾ ಸಮಯದಲ್ಲಿ ಪ್ರಜಾಪ್ರತಿನಿಧಿ ಸಭೆಯ ಮುಂದೆ ಆಡಳಿತದ ವರದಿಯನ್ನು ಮಂಡಿಸಿ, ಸದಸ್ಯರ ದೂರುಗಳನ್ನು ಕೇಳಬೇಕಾಗಿತ್ತು. ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. 1891ರಲ್ಲಿ ಶೇಷಾದ್ರಿ ಅಯ್ಯರ್ ಆಡಳಿತವು ನಾಮಕರಣದ ಬದಲು ಚುನಾವಣೆಯನ್ನು ಜಾರಿಗೆ ತಂದಿತು. ಮತದಾನದ ಹಕ್ಕು ಆಸ್ತಿ ಅಥವಾ ವಿದ್ಯಾರ್ಹತೆಯುಳ್ಳವರಿಗೆ ಸೀಮಿತವಾಗಿತ್ತು.

ಆರ್ಥಿಕ ಸ್ಥಿತಿ ಮತ್ತು ರೈಲುಮಾರ್ಗಗಳು

1881ರ ಸುಮಾರಿಗೆ 103 ಲಕ್ಷ ರೂಪಾಯಿಗಳಷ್ಟಿದ್ದ ಸಂಸ್ಥಾನದ ವಾರ್ಷಿಕ ಆದಾಯ 1894-95ರ ವೇಳೆಗೆ ಸುಮಾರು 180 ಲಕ್ಷ ರೂಪಾಯಿಗಳಿಗೇರಿತು. ಕೃಷಿಯ ಚೇತರಿಕೆ ಮತ್ತು ಕೋಲಾರದ ಚಿನ್ನದ ಗಣಿಗಳಿಂದ ಬಂದ ರಾಜಧನ ಇದಕ್ಕೆ ಕಾರಣವಾದವು. ಸಾಲದಲ್ಲಿದ್ದ ರಾಜ್ಯ ಉಳಿತಾಯದ ರಾಜ್ಯವಾಯಿತು.

ಕ್ಷಾಮಕಾಲದಲ್ಲಿ ಧಾನ್ಯವು ರೈಲು ನಿಲ್ದಾಣಗಳವರೆಗೆ ಬಂದರೂ ಒಳನಾಡಿನ ಹಳ್ಳಿಗಳನ್ನು ತಲುಪದೆ ಜನ ಸತ್ತಿದ್ದರು. ಆದ್ದರಿಂದ ರೈಲುಮಾರ್ಗಗಳ ನಿರ್ಮಾಣಕ್ಕೆ ಆದ್ಯತೆ ದೊರೆಯಿತು. ಬೆಂಗಳೂರಿನಿಂದ ತುಮಕೂರು, ಅರಸೀಕೆರೆಗಳ ಮೂಲಕ ಹರಿಹರಕ್ಕೆ, ಮೈಸೂರಿನಿಂದ ನಂಜನಗೂಡಿಗೆ, ಬೀರೂರಿನಿಂದ ಶಿವಮೊಗ್ಗಕ್ಕೆ ಹಾಗೂ ಬೌರಿಂಗ್‌ಪೇಟೆಯಿಂದ (ಇಂದಿನ ಬಂಗಾರಪೇಟೆ) ಚಿನ್ನದ ಗಣಿಗಳಿಗೆ ಮಾರ್ಗಗಳು ಸಿದ್ಧವಾದವು. ದೊಡ್ಡಬಳ್ಳಾಪುರ, ಗೌರಿಬಿದನೂರುಗಳನ್ನು ಹಾದು ಹಿಂದೂಪುರಕ್ಕೆ ಹೋಗುವ ಮಾರ್ಗವೂ ಇವರ ಕಾಲದ್ದೇ.

ನೀರಾವರಿ ಮತ್ತು 1892ರ ಒಪ್ಪಂದ

ಕೆರೆಗಳ ದುರಸ್ತಿ ಮತ್ತು ಹೊಸ ಜಲಾಶಯಗಳ ಕೆಲಸ ಮುಂದುವರಿದಂತೆ ಕೆಳಹರಿವಿನ ಮದರಾಸು ಸರ್ಕಾರ ಆಕ್ಷೇಪವೆತ್ತಿತು. ದೀರ್ಘ ಪತ್ರವ್ಯವಹಾರದ ಬಳಿಕ 1892ರ ಫೆಬ್ರುವರಿಯಲ್ಲಿ ಎರಡೂ ಸರ್ಕಾರಗಳ ನಡುವೆ ಒಪ್ಪಂದವಾಯಿತು. ಇದರ ಪ್ರಕಾರ, ಪಟ್ಟಿಯಲ್ಲಿ ಹೆಸರಿಸಿದ ನದಿಗಳ ಮೇಲೆ ಮದರಾಸಿನ ಪೂರ್ವಸಮ್ಮತಿಯಿಲ್ಲದೆ ಮೈಸೂರು ಹೊಸ ನೀರಾವರಿ ಜಲಾಶಯಗಳನ್ನು ಕಟ್ಟುವಂತಿರಲಿಲ್ಲ. ಕಾವೇರಿ ಮತ್ತು ಅದರ ಉಪನದಿಗಳಷ್ಟೇ ಅಲ್ಲದೆ ನಂದಿಬೆಟ್ಟದ ಆಸುಪಾಸಿನ ಸೀಮೆಗೆ ನೀರುಣಿಸುವ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಹಾಗೂ ಪಾಲಾರ್ ನದಿಗಳೂ ಆ ಪಟ್ಟಿಯಲ್ಲಿದ್ದವು. ಬ್ರಿಟಿಷ್ ಸರ್ಕಾರಕ್ಕೆ ಅಧೀನವಾಗಿದ್ದ ಸಂಸ್ಥಾನಕ್ಕೆ ಸಮಾನ ನೆಲೆಯಲ್ಲಿ ಚೌಕಾಸಿ ಮಾಡುವ ಅವಕಾಶ ಇರಲಿಲ್ಲ. ಮುಂದೆ 1924ರ ಕಾವೇರಿ ಒಪ್ಪಂದಕ್ಕೂ ಇಂದಿಗೂ ಮುಗಿಯದ ಕಾವೇರಿ ವಿವಾದಕ್ಕೂ ಇದೇ ಆರಂಭಬಿಂದುವಾಯಿತು. ಈ ಒಪ್ಪಂದ ಮೈಸೂರಿನ ರೈತರ ಕೈಕಟ್ಟಿತು ಎಂಬ ಟೀಕೆ ಕರ್ನಾಟಕದಲ್ಲಿ ಇಂದಿಗೂ ಕೇಳಿಬರುತ್ತದೆ.

ಇದೇ ಅವಧಿಯಲ್ಲಿ, 1898ರಲ್ಲಿ, ಹಿರಿಯೂರಿನ ಸಮೀಪ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಅಣೆಕಟ್ಟಿನ ನಿರ್ಮಾಣ ಆರಂಭವಾಯಿತು. ಅದು ಪೂರ್ಣಗೊಂಡದ್ದು ಇವರ ಮರಣದ ನಂತರ. ಜಲಾಶಯಕ್ಕೆ ರಾಜಮಾತೆಯ ಹೆಸರಿನಿಂದ ವಾಣಿವಿಲಾಸ ಸಾಗರ ಎಂದು ಹೆಸರಿಡಲಾಯಿತು.

ಶಿವನಸಮುದ್ರದ ವಿದ್ಯುತ್

ಕೋಲಾರದ ಗಣಿಗಳು ಆಳವಾದಂತೆ ಯಂತ್ರಗಳನ್ನು ನಡೆಸಲು ಬೇಕಾದ ಇಂಧನ ದುಬಾರಿಯಾಯಿತು. ಕಾವೇರಿಯ ಶಿವನಸಮುದ್ರ ಜಲಪಾತದಿಂದ ವಿದ್ಯುತ್ ಉತ್ಪಾದಿಸಿ ಗಣಿಗಳಿಗೆ ಒದಗಿಸುವ ಯೋಜನೆಯನ್ನು ಸರ್ಕಾರದ ಸೇವೆಯಲ್ಲಿದ್ದ ಇಂಜಿನಿಯರ್ ಡಿ ಲಾಟ್‌ಬಿನಿಯರ್ ರೂಪಿಸಿದರು. ಸುಮಾರು 147 ಕಿಲೋಮೀಟರ್ ದೂರಕ್ಕೆ ವಿದ್ಯುತ್ ಸಾಗಿಸುವುದು ಆ ಕಾಲದಲ್ಲಿ ಜಗತ್ತಿನ ಕೆಲವೇ ಕಡೆ ಪ್ರಯತ್ನಿಸಿದ್ದ ಸಾಹಸ. ವಿಫಲವಾದರೆ ನಷ್ಟವೆಲ್ಲ ಸಂಸ್ಥಾನದ ಖಜಾನೆಗೆ. ಶೇಷಾದ್ರಿ ಅಯ್ಯರ್ ಯೋಜನೆಗೆ ಬೆಂಬಲವಾಗಿ ನಿಂತರು. ಲಾಟ್‌ಬಿನಿಯರ್ ಅವರನ್ನು ಯುರೋಪ್ ಮತ್ತು ಅಮೆರಿಕಗಳಿಗೆ ಕಳುಹಿಸಲಾಯಿತು. ಗಣಿ ಕಂಪನಿಗಳೊಡನೆ ವಿದ್ಯುತ್ ಮಾರಾಟದ ಕರಾರು ಆಯಿತು. 1902ರ ಜೂನ್ ತಿಂಗಳಲ್ಲಿ ವಿದ್ಯುತ್ ಕೋಲಾರವನ್ನು ತಲುಪಿದಾಗ ಅದನ್ನು ನೋಡಲು ಅವರು ಬದುಕಿರಲಿಲ್ಲ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಬೆಳಗಿದ ದೀಪಗಳಿಗೂ ಇದೇ ವಿದ್ಯುತ್ ಬಳಕೆಯಾಯಿತು.

ಬೆಂಗಳೂರಿನ ಬೆಳವಣಿಗೆ

ಕೆರೆಗಳ ನೀರು ಸಾಲದೆ ಬೆಂಗಳೂರು ಬವಣೆಪಡುತ್ತಿದ್ದಾಗ, ಅರ್ಕಾವತಿ ನದಿಯ ಹೆಸರಘಟ್ಟ ಕೆರೆಯಿಂದ ಕೊಳವೆಗಳ ಮೂಲಕ ನೀರು ತರುವ ಚಾಮರಾಜೇಂದ್ರ ಜಲಕಾಮಗಾರಿ 1896ರ ವೇಳೆಗೆ ಕಾರ್ಯಗತವಾಯಿತು. ಚಾಮರಾಜಪೇಟೆ ಬಡಾವಣೆ ಇವರ ಕಾಲದಲ್ಲಿ ರೂಪುಗೊಂಡಿತು. 1898ರಲ್ಲಿ ಪ್ಲೇಗು ನಗರವನ್ನು ಕಾಡಿತು. ಇಕ್ಕಟ್ಟಾದ ಪೇಟೆಗಳಿಂದ ಜನರನ್ನು ಹೊರತರುವ ಉದ್ದೇಶದಿಂದ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದವು. ವಿಕ್ಟೋರಿಯಾ ಆಸ್ಪತ್ರೆಯನ್ನು 1900ರಲ್ಲಿ ವೈಸ್‌ರಾಯ್ ಕರ್ಜನ್ ಉದ್ಘಾಟಿಸಿದರು. ಜಮ್‌ಸೆಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನಿನ ವಿಧಾನವನ್ನು ಅನುಸರಿಸಿ ರೇಷ್ಮೆ ಕೃಷಿಕ್ಷೇತ್ರವನ್ನು ಸ್ಥಾಪಿಸಿದ್ದೂ ಇದೇ ದಶಕದಲ್ಲಿ.

ರಾಜಪ್ರತಿನಿಧಿ ಆಡಳಿತ ಮತ್ತು ಸಮಾಜ ಸುಧಾರಣೆ

1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಅಕಾಲಿಕ ಮರಣ ಹೊಂದಿದರು. ಯುವರಾಜ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಆಗ ಹತ್ತು ವರ್ಷ. ರಾಜಮಾತೆ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿ ಅಧಿಕಾರ ವಹಿಸಿಕೊಂಡರು. ಅವರ ಕೈಕೆಳಗಿನ ಆಡಳಿತ ಮಂಡಳಿಗೆ ಶೇಷಾದ್ರಿ ಅಯ್ಯರ್ ಮುಖ್ಯಸ್ಥರಾದರು.

ಅದೇ 1894ರಲ್ಲಿ ಬಾಲ್ಯವಿವಾಹವನ್ನು ತಡೆಯುವ ಕಾನೂನು ಜಾರಿಯಾಗಿತ್ತು. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ಹಾಗೂ ಐವತ್ತು ದಾಟಿದ ಪುರುಷರು ಹದಿನಾಲ್ಕರೊಳಗಿನ ಬಾಲಕಿಯರನ್ನು ವರಿಸುವುದನ್ನು ಇದು ನಿಷೇಧಿಸಿತು. ಇಂದಿನ ದೃಷ್ಟಿಯಲ್ಲಿ ಈ ಮಿತಿಗಳು ತೀರ ಕಡಿಮೆ. ಆದರೆ ಸಂಪ್ರದಾಯಸ್ಥರ ವಿರೋಧವನ್ನು ಎದುರಿಸಿಯೇ ಅದನ್ನು ಜಾರಿಗೆ ತರಬೇಕಾಯಿತು. ಅದೇ ವರ್ಷ ಆರಂಭಿಸಿದ ಕೃಷಿ ಬ್ಯಾಂಕುಗಳು ಮಾತ್ರ ನಿರೀಕ್ಷಿತ ಫಲ ನೀಡಲಿಲ್ಲ.

1892ರಲ್ಲಿ ಪರಿವ್ರಾಜಕರಾಗಿ ಬೆಂಗಳೂರಿಗೆ ಬಂದ ಸ್ವಾಮಿ ವಿವೇಕಾನಂದರು ಕೆಲವು ವಾರ ಶೇಷಾದ್ರಿ ಅಯ್ಯರ್ ಅವರ ಅತಿಥಿಯಾಗಿದ್ದರು. ಅವರನ್ನು ಮಹಾರಾಜರಿಗೆ ಪರಿಚಯಿಸಿದವರೂ ಇವರೇ.

ಮೈಸೂರಿಗರು ಮತ್ತು ಮದರಾಸಿಗರು

ಶೇಷಾದ್ರಿ ಅಯ್ಯರ್ ಅವರ ವೃತ್ತಿಜೀವನದ ಅತ್ಯಂತ ವಿವಾದಾತ್ಮಕ ಅಂಶ ಅಧಿಕಾರಿಗಳ ನೇಮಕಾತಿ. ಮದರಾಸಿನಿಂದ ಬಂದವರು ಉನ್ನತ ಸ್ಥಾನಗಳಲ್ಲಿದ್ದು, ತಮ್ಮ ಕಡೆಯವರಿಗೇ ಅವಕಾಶ ನೀಡುತ್ತಾರೆಂಬ ದೂರು ಮೈಸೂರಿನ ವಿದ್ಯಾವಂತರಲ್ಲಿ ಬಲವಾಗಿತ್ತು. 1868ರಲ್ಲಿ ಸ್ಥಳೀಯ ಪದವೀಧರರು ವಿರಳವಾಗಿದ್ದರು. 1890ರ ವೇಳೆಗೆ ಪರಿಸ್ಥಿತಿ ಬದಲಾಗಿ, ಮೈಸೂರಿನಲ್ಲಿಯೇ ಓದಿದ ತರುಣರ ಒಂದು ತಲೆಮಾರು ಕೆಲಸಕ್ಕಾಗಿ ಕಾಯುತ್ತಿತ್ತು. 1891ರಲ್ಲಿ ಆರಂಭವಾದ ಮೈಸೂರು ಸಿವಿಲ್ ಸರ್ವಿಸ್ ಸ್ಪರ್ಧಾತ್ಮಕ ಪರೀಕ್ಷೆಯು ಅರ್ಹತೆಯನ್ನೇ ಮಾನದಂಡವಾಗಿಸುವ ಕ್ರಮವೆಂದು ಸರ್ಕಾರ ಭಾವಿಸಿತು. ಆದರೆ ಪರೀಕ್ಷೆಯನ್ನು ಹೊರಗಿನವರಿಗೂ ತೆರೆದಿಟ್ಟದ್ದರಿಂದ ಉತ್ತಮ ಕಾಲೇಜುಗಳಿದ್ದ ಮದರಾಸಿನವರಿಗೇ ಅನುಕೂಲವೆಂದು ಸ್ಥಳೀಯರು ವಾದಿಸಿದರು. ತಾತಯ್ಯನೆಂದು ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರ ವೃತ್ತಾಂತ ಚಿಂತಾಮಣಿ ಸೇರಿದಂತೆ ಹಲವು ಪತ್ರಿಕೆಗಳು ದಿವಾನರ ಆಡಳಿತವನ್ನು ಟೀಕಿಸಿದವು. ಅಧಿಕಾರವೆಲ್ಲ ಒಬ್ಬರ ಕೈಯಲ್ಲಿ ಕೇಂದ್ರೀಕೃತವಾಗಿದೆ ಎಂಬ ಆಕ್ಷೇಪವೂ ಇತ್ತು.

ಅವರ ನಂತರ ದಿವಾನರಾದ ಪಿ. ಎನ್. ಕೃಷ್ಣಮೂರ್ತಿ ಮೈಸೂರಿನ ಹಳೆಯ ದಿವಾನ ಪೂರ್ಣಯ್ಯನವರ ವಂಶಸ್ಥರು. 1912ರಲ್ಲಿ ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯ ಆ ಸ್ಥಾನಕ್ಕೆ ಬಂದರು. ಅಷ್ಟರಲ್ಲಿ ಚರ್ಚೆಯ ಸ್ವರೂಪವೇ ಬದಲಾಗತೊಡಗಿತ್ತು. ಮದರಾಸಿನ ಬ್ರಾಹ್ಮಣರಾಗಲಿ ಮೈಸೂರಿನ ಬ್ರಾಹ್ಮಣರಾಗಲಿ, ಹುದ್ದೆಗಳು ಒಂದೇ ಸಮುದಾಯದ ಪಾಲಾಗುತ್ತಿವೆ ಎಂಬ ಪ್ರಶ್ನೆ ಮುಂದೆ ಬಂದು, 1918ರಲ್ಲಿ ಮಿಲ್ಲರ್ ಸಮಿತಿಯ ನೇಮಕಕ್ಕೆ ಕಾರಣವಾಯಿತು.

ಕೊನೆಯ ದಿನಗಳು

ಬ್ರಿಟಿಷ್ ಸರ್ಕಾರ ಇವರಿಗೆ 1887ರಲ್ಲಿ ಸಿ.ಎಸ್.ಐ. ಹಾಗೂ 1893ರಲ್ಲಿ ಕೆ.ಸಿ.ಎಸ್.ಐ. ಬಿರುದುಗಳನ್ನು ನೀಡಿತು. ಎರಡನೆಯ ಬಿರುದಿನಿಂದ ಇವರ ಹೆಸರಿಗೆ ಸರ್ ಎಂಬ ಉಪಾಧಿ ಸೇರಿತು. ಸತತ ದುಡಿಮೆಯಿಂದ ಕುಗ್ಗಿದ್ದ ಆರೋಗ್ಯ 1901ರಲ್ಲಿ ಮತ್ತಷ್ಟು ಹದಗೆಟ್ಟು, ಇವರು ಅಧಿಕಾರದಿಂದ ನಿವೃತ್ತರಾದರು. ಅದೇ ವರ್ಷದ ಸೆಪ್ಟೆಂಬರ್ 13ರಂದು, 56ನೆಯ ವಯಸ್ಸಿನಲ್ಲಿ ನಿಧನರಾದರು. ಮೈಸೂರಿಗೆ ಬಂದು ಆಗ 33 ವರ್ಷಗಳು ಕಳೆದಿದ್ದವು. ಬದುಕಿನ ಹೆಚ್ಚಿನ ಭಾಗ ಇಲ್ಲಿಯೇ ಸಂದಿತ್ತು.

ಸ್ಮರಣೆ

ಬೆಂಗಳೂರಿನ ಶೇಷಾದ್ರಿಪುರಂ ಬಡಾವಣೆ ಮತ್ತು ಶೇಷಾದ್ರಿ ರಸ್ತೆಗೆ ಇವರ ಹೆಸರಿಡಲಾಗಿದೆ. ಕಬ್ಬನ್ ಉದ್ಯಾನದಲ್ಲಿ ಇವರ ಪ್ರತಿಮೆಯನ್ನು 1913ರಲ್ಲಿ ವೈಸ್‌ರಾಯ್ ಹಾರ್ಡಿಂಜ್ ಅನಾವರಣಗೊಳಿಸಿದರು. ಪ್ರತಿಮೆಯ ಹಿಂದಿರುವ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ಇಂದು ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಹೊರನಾಡಿನವರೆಂಬ ಆಕ್ಷೇಪವನ್ನು ಜೀವನವಿಡೀ ಎದುರಿಸಿದ ವ್ಯಕ್ತಿಯ ಹೆಸರಿನ ಈ ಕಟ್ಟಡ, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧತೆ ನಡೆಸುವ ವಿದ್ಯಾರ್ಥಿಗಳಿಗೆ ಓದಿನ ತಾಣವಾಗಿದೆ.