ಹಳೆಯ ಗೋಡೆಗಳ ಗೆಳೆಯ ವಿಲಿಯಂ ಮಾರಿಸ್

ಮಕ್ಕಳೇ, ನಿಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಮರದ ಪೆಟ್ಟಿಗೆ ಇದೆಯೇ? ಅದರ ಮೇಲಿನ ಗೀರುಗಳನ್ನೆಲ್ಲ ಉಜ್ಜಿ ತೆಗೆದು, ಹೊಸ ಬಣ್ಣ ಬಳಿದರೆ ಅದು ಅಜ್ಜಿಯ ಪೆಟ್ಟಿಗೆಯಾಗಿಯೇ ಉಳಿಯುತ್ತದೆಯೇ? ಇಂಥದೇ ಪ್ರಶ್ನೆಗಾಗಿ ದೊಡ್ಡವರೊಡನೆ ಜಗಳಕ್ಕೆ ನಿಂತ ಒಬ್ಬರ ಕಥೆಯನ್ನು ಕೇಳಿರಿ.

ವಿಲಿಯಂ ಮಾರಿಸ್ 1834ರ ಮಾರ್ಚ್ 24ರಂದು ಇಂಗ್ಲೆಂಡಿನ ವಾಲ್ತಮ್‌ಸ್ಟೋ ಎಂಬ ಊರಿನಲ್ಲಿ ಹುಟ್ಟಿದರು. ಬಾಲ್ಯದಲ್ಲಿ ತಟ್ಟು ಕುದುರೆಯೇರಿ ಎಪಿಂಗ್ ಕಾಡಿನಲ್ಲಿ ಅಲೆಯುತ್ತಿದ್ದರು. ಹಳೆಯ ಚರ್ಚುಗಳನ್ನು ನೋಡುವುದೆಂದರೆ ಅವರಿಗೆ ಬಲು ಇಷ್ಟ.

ಅಲ್ಲಿನ ಹಳ್ಳಿಯ ಚರ್ಚು ಹೇಗಿರುತ್ತದೆ ಗೊತ್ತೇ? ದಪ್ಪ ಕಲ್ಲಿನ ಗೋಡೆಗಳು. ಹೆಚ್ಚಾಗಿ ಪಶ್ಚಿಮದಲ್ಲಿ ಗಂಟೆಯ ಗೋಪುರ. ಸುತ್ತಲೂ ಊರಿನ ಹಿರಿಯರ ಗೋರಿಗಳು. ಅದು ಒಂದೇ ಕಾಲದಲ್ಲಿ ಕಟ್ಟಿದ್ದಲ್ಲ. ಒಂದು ತಲೆಮಾರಿನವರು ದುಂಡು ಕಮಾನು ಕಟ್ಟಿದರೆ, ಮುಂದಿನವರು ಚೂಪು ಕಮಾನು ಸೇರಿಸಿದರು. ಇನ್ನೊಬ್ಬರು ದೊಡ್ಡ ಕಿಟಕಿ ಇಟ್ಟರು. ಮದುವೆಗೂ ಅಲ್ಲಿಯ ಗಂಟೆ, ಸಾವಿಗೂ ಅದೇ ಗಂಟೆ. 1538ರಿಂದ ಊರಿನವರ ಜ್ಞಾನಸ್ನಾನ, ಮದುವೆ, ಶವಸಂಸ್ಕಾರಗಳನ್ನು ಚರ್ಚಿನ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಚರ್ಚೆಂದರೆ ಇಡೀ ಊರಿನ ನೆನಪು.

ಮಾರಿಸ್ ಪಾದ್ರಿಯಾಗಬೇಕೆಂದು ಆಕ್ಸ್‌ಫರ್ಡಿಗೆ ಹೋದರು. ಆದರೆ ಮನಸ್ಸು ಕಲೆಯತ್ತ ಹರಿಯಿತು. ಸ್ವಲ್ಪ ಕಾಲ ಸ್ಟ್ರೀಟ್ ಎಂಬ ವಾಸ್ತುಶಿಲ್ಪಿಯ ಬಳಿ ಕೆಲಸ ಕಲಿತರು. 1861ರಲ್ಲಿ ಗೆಳೆಯರೊಡನೆ ಸೇರಿ ಒಂದು ಕಂಪನಿ ತೆರೆದರು. ಚರ್ಚುಗಳಿಗೆ ಬಣ್ಣದ ಗಾಜಿನ ಕಿಟಕಿ ಮಾಡುವುದು ಅದರ ಮುಖ್ಯ ಕೆಲಸವಾಗಿತ್ತು.

ಆ ದಿನಗಳಲ್ಲಿ ಚರ್ಚುಗಳ ದುರಸ್ತಿ ಎಲ್ಲೆಡೆ ನಡೆಯುತ್ತಿತ್ತು. ಸೋರುವ ಮಾಡನ್ನು ಸರಿಪಡಿಸಿದ್ದರೆ ಸರಿಯಾಗಿತ್ತು. ಆದರೆ ಗೋಡೆಯ ಹಳೆಯ ಗಾರೆಯನ್ನೇ ಕೆರೆದುಹಾಕಿದರು. ಅದರ ಜೊತೆ ಹಳೆಯ ಚಿತ್ರಗಳೂ ಉದುರಿದವು. ಗಟ್ಟಿಯಾಗಿದ್ದ ಬೆಂಚುಗಳನ್ನು ಕಿತ್ತರು. ಹಳೆಯದರಂತೆ ಕಾಣುವ ಹೊಸ ಕಲ್ಲುಗಳನ್ನು ಇಟ್ಟರು! 1876ರಲ್ಲಿ ಬರ್ಫರ್ಡ್ ಎಂಬ ಊರಿನ ಚರ್ಚಿನಲ್ಲಿ ಇದನ್ನು ಕಂಡು ಮಾರಿಸ್ ಸಿಟ್ಟಾದರು. ಅಲ್ಲಿ ಕೆಲಸ ಮಾಡಿಸುತ್ತಿದ್ದವರು ಯಾರು? ಅವರ ಹಳೆಯ ಗುರು ಸ್ಟ್ರೀಟ್!

ಮರುವರ್ಷ ಟ್ಯೂಕ್ಸ್‌ಬರಿಯ ದೊಡ್ಡ ಚರ್ಚಿಗೂ ಅದೇ ಗತಿ ಬರುವುದೆಂದು ತಿಳಿದು, ಪತ್ರಿಕೆಗೆ ಬರೆದರು. 1877ರ ಮಾರ್ಚಿನಲ್ಲಿ ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಘವನ್ನು ಕಟ್ಟಿದರು. ಕೆರೆಯುವುದನ್ನು ವಿರೋಧಿಸಿದ ಈ ಸಂಘಕ್ಕೆ ಅವರು ತಮಾಷೆಯ ಅಡ್ಡಹೆಸರನ್ನೂ ಇಟ್ಟಿದ್ದರು. ಆದರೆ ಒಂದು ತೊಡಕು. ಇಂಥ ದುರಸ್ತಿಗಳಿಂದಲೇ ಅವರ ಕಂಪನಿಗೆ ಕಿಟಕಿಯ ಕೆಲಸ ಸಿಗುತ್ತಿತ್ತು. ಮಾರಿಸ್ ಹಿಂಜರಿಯಲಿಲ್ಲ. ಹಳೆಯ ಚರ್ಚುಗಳಿಗೆ ಹೊಸ ಕಿಟಕಿ ಮಾಡುವುದನ್ನು ಬಹುಮಟ್ಟಿಗೆ ನಿಲ್ಲಿಸಿದರು. ನಷ್ಟವಾಯಿತು, ಆಗಲಿ ಎಂದುಕೊಂಡರು.

ಥೇಮ್ಸ್ ನದಿಯ ಬಳಿ ಇಂಗಲ್‌ಶಮ್ ಎಂಬ ಪುಟ್ಟ ಊರಿದೆ. ಅಲ್ಲಿನ ಚರ್ಚಿನ ದುರಸ್ತಿ ಮಾರಿಸರ ನೆರವಿನಿಂದ ನಡೆಯಿತು. ಯಾವುದನ್ನೂ ಹೊಸದಾಗಿಸಲಿಲ್ಲ. ಒಳಗೆ ಹೋದರೆ, ಪುಟ್ಟ ಬಾಗಿಲುಗಳಿರುವ ಪೆಟ್ಟಿಗೆಯಂಥ ಆಸನಗಳನ್ನು ಇಂದಿಗೂ ನೋಡಬಹುದು. ಗೋಡೆಯಲ್ಲಿ ಒಂದರ ಮೇಲೊಂದು ಬರೆದ ಚಿತ್ರಗಳಿವೆ. ತಾಯಿ ಮೇರಿ ಮತ್ತು ಮಗುವಿನ ಬಹು ಹಳೆಯ ಕೆತ್ತನೆಯೂ ಇದೆ. ನೆಲ ಏರುತಗ್ಗು.

ಮಾರಿಸ್ 1896ರ ಅಕ್ಟೋಬರ್ 3ರಂದು ತೀರಿಕೊಂಡರು. ಅವರ ಶವಪೆಟ್ಟಿಗೆಯನ್ನು ಹಸಿರೆಲೆಗಳಿಂದ ಅಲಂಕರಿಸಿದ ಹೊಲದ ಬಂಡಿಯಲ್ಲಿ, ಮಳೆಯಲ್ಲೇ ಕೆಲ್ಮ್‌ಸ್ಕಾಟ್ ಹಳ್ಳಿಗೆ ಒಯ್ದರು. ಅಲ್ಲಿನ ಪುಟ್ಟ ಚರ್ಚಿನ ಅಂಗಳದಲ್ಲಿ ಅವರ ಗೋರಿಯಿದೆ. ಗೆಳೆಯ ಫಿಲಿಪ್ ವೆಬ್ ರೂಪಿಸಿದ ಆ ಕಲ್ಲಿಗೆ ಮನೆಯ ಮಾಡಿನ ಆಕಾರ.